ದೊಡ್ಮನೆಯ ಸುತ್ತುದಾರಿ

“ಎಲ್ಲಿಗ್ ಓಯ್ತಾ ಇದ್ದೀರಿ?”

“ಎಲ್ಲಿಗೂ ಇಲ್ಲ. ಹೀಗೇ ಒಂದು ಸುತ್ತು ಹಾಕ್ಕೊಂಡು ಇಲ್ಲಿಗೇ ಬರ್ತೀವಿ.”

“ಇಲ್ಲಿಗೇ ಬರದಾದ್ರೆ ಯಾಕ್ ಓಯ್ತೀರಿ? ಇಲ್ಲೇ ಕುಂತ್ಕಳಿ.”

ಅರಳಿಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ ಹಿರಿಯರೊಬ್ಬರು ನನಗೂ ನಮ್ಮ ಮನೆಯವರಿಗೂ ಕೊಟ್ಟ ಸಲಹೆ ಇದು. ಇದಕ್ಕೆ ಏನು ಉತ್ತರ ಕೊಡುತ್ತೀರಿ, ನೀವೇ ಹೇಳಿ. ನಂಜನಗೂಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾಲೇಜು ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದೇನೆ. ಭೂಮಿ ಸೂರ್ಯನ ಸುತ್ತ ಯಾಕೆ ಸುತ್ತುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನಾನು ಯಾಕೆ ಸುತ್ತುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತಾಗಿತ್ತು. ಸಲಹೆ ಅವರಿಗೆ ಬಹಳ ಹಿಡಿಸಿತ್ತು.

ಈ ಅಂಕಣ ಓದುವವರಿಗೆ ನನ್ನ ವಾಕಿಂಗ್ ಪುರಾಣ ಹೊಸದಲ್ಲ. ಶುಗರ್ ಬಂತು, ಡಾಕ್ಟರು ನಡೆಯಿರಿ ಅಂದರು, ನಾನು ನಡೆದೆ. ಮೈದಾನದಲ್ಲಿ ಎಷ್ಟು ಸುತ್ತು ಹೊಡೆದರೂ ಅದೇ ಗೋಲ್ ಪೋಸ್ಟು, ಅದೇ ಆಕಳಿಸುವ ನಾಯಿ, ಮಗನಿಗೆ ಹೆಣ್ಣು ಹುಡುಕುತ್ತಿರುವ ಅದೇ ನಿವೃತ್ತ ಗುಮಾಸ್ತರು. (ನನಗೆ ಇರುವುದು ಒಬ್ಬನೇ ಮಗ ಎಂದು ಅವರಿಗೆ ಹದಿನಾಲ್ಕು ಸಲ ಹೇಳಿದ್ದೇನೆ.) ಹೊಳೆ ಕಡೆ ಹೋಗೋಣವೆಂದರೆ ಸ್ನಾನದ ಜನ, ಹಣ್ಣುಕಾಯಿ ಅಂಗಡಿ, ದೇವಸ್ಥಾನದ ಬಾಗಿಲಿಗೇ ಬಂದು ನಿಲ್ಲುವ ಬಸ್ಸು. ನಡೆಯುವುದಕ್ಕೆ ಹೋದವಳು ನೂಕಿಸಿಕೊಂಡು ವಾಪಸ್ ಬರುತ್ತಿದ್ದೆ.

ಆಗ ನನ್ನ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಒಂದು ಪುಟ ತೋರಿಸಿದರು. ಇಂಗ್ಲೆಂಡಿನ ಯಾವುದೋ ಹಳ್ಳಿ. ಅಲ್ಲೊಂದು ಹಳೇ ಕಾಲದ ದೊಡ್ಡ ಬಂಗಲೆ. ಬಂಗಲೆಯಿಂದ ಹೊರಟು, ಹೊಲ ದಾಟಿ, ತೋಪು ದಾಟಿ, ಊರು ಬಳಸಿ ಮತ್ತೆ ಬಂಗಲೆಗೇ ಬರುವ ದಾರಿಗಳು. ಅದಕ್ಕೆ ನಕ್ಷೆ, ಬಾಣದ ಗುರುತು, ಕೊನೆಯಲ್ಲಿ ಟೀ ಅಂಗಡಿ. ಜನ ರಜೆ ಹಾಕಿ ಬಂದು ಸುತ್ತುತ್ತಾರಂತೆ.

ನಮ್ಮಲ್ಲಿ ಏನು ಕಮ್ಮಿ? ಹಳ್ಳಿ ಇಲ್ಲವೇ, ಹೊಲ ಇಲ್ಲವೇ, ಹಳೇ ಮನೆ ಇಲ್ಲವೇ? ಟೀ ಅಂಗಡಿಯಂತೂ ನಾಲ್ಕು ಹೆಜ್ಜೆಗೊಂದು. ನನಗೆ ಹುಚ್ಚು ಹಿಡಿಯಲು ಇಷ್ಟು ಸಾಕಾಯಿತು.

ಹುಡುಕಿದೆ. ಕಳಲೆಯಿಂದ ಇನ್ನೂ ಸ್ವಲ್ಪ ಮುಂದೆ ಹೋದರೆ ಒಂದು ಊರು ಸಿಕ್ಕಿತು. ಹೆಸರು ಹೇಳುವುದಿಲ್ಲ. ಊರಿನವರೇ ಬೇಡ ಅಂದಿದ್ದಾರೆ, ಕಾರಿನವರು ಬಂದು ಗದ್ದೆಯಲ್ಲಿ ಚಿಪ್ಸ್ ಕವರು ಹಾಕುತ್ತಾರೆ ಎಂದು. ನ್ಯಾಯವಾದ ಮಾತು.

ಆದರೆ ಎಂಥ ಊರು ಅಂತೀರಿ! ಅರಳಿಕಟ್ಟೆಯಿಂದ ಹೊರಟರೆ ಒಂದು ಬೀದಿ. ಬೀದಿಯ ತುದಿಗೆ ಒಂದು ಕಲ್ಲುಕಂಬ. ಕಂಬದ ಆಚೆಗೆ ಅಗಲವಾದ ಅಂಗಳ, ಅಂಗಳದ ಹಿಂದೆ ದೊಡ್ಮನೆ. ಒಂದು ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿ ಹುದ್ದೆಯಲ್ಲಿದ್ದವರು ಕಟ್ಟಿಸಿದ್ದಂತೆ. ಎತ್ತರದ ಜಗಲಿ, ಕೆತ್ತನೆಯ ಕಂಬಗಳು, ಒಳಗೆ ಆಕಾಶ ಕಾಣುವ ತೊಟ್ಟಿ. ದಾರಿ ಮಾತ್ರ ಅಂಗಳಕ್ಕೆ ಹೋಗದೆ ಕಲ್ಲುಕಂಬದ ಹತ್ತಿರ ಎಡಕ್ಕೆ ತಿರುಗುತ್ತದೆ. ದೊಡ್ಮನೆಯ ಹಿಂದಿನ ತೋಟವನ್ನು ಬಳಸಿ, ಹುಣಸೆ ಮರ ದಾಟಿ, ನಾಲೆ ಏರಿಯ ಮೇಲೆ ಹತ್ತುತ್ತದೆ. ಅಲ್ಲಿಂದ ಗದ್ದೆ ಬದು, ಕೆರೆ ಏರಿ, ಹೊಂಗೆ ನೆರಳು. ಕೊನೆಗೆ ಊರಿನ ಹಳೇ ಶಾಲೆಯ ಪಕ್ಕದಲ್ಲಿ ಬಂದು ದೊಡ್ಮನೆಯ ಅಂಗಳಕ್ಕೇ ಸೇರುತ್ತದೆ, ಆದರೆ ಇನ್ನೊಂದು ಪಕ್ಕದಿಂದ. ಒಟ್ಟು ಐದು ಕಿಲೋಮೀಟರ್. ಒಂದು ಕಡೆಯೂ ಬಂದ ದಾರಿಯಲ್ಲೇ ಹಿಂತಿರುಗಬೇಕಿಲ್ಲ.

ನಾಲ್ಕು ಭಾನುವಾರ ಸುತ್ತಿದೆವು. ಮೊದಲನೇ ಭಾನುವಾರ ಕಬ್ಬಿನ ಗದ್ದೆಯಲ್ಲಿ ದಾರಿ ತಪ್ಪಿತು. ಫೋನಿನ ನಕ್ಷೆಯ ಪ್ರಕಾರ ನಾವು ಕೆರೆಯ ಮಧ್ಯದಲ್ಲಿದ್ದೆವು. ಎರಡನೆಯ ವಾರ ಬಾತುಕೋಳಿಗಳು ಅಟ್ಟಿಸಿಕೊಂಡು ಬಂದವು. ಮೂವತ್ತು ವರ್ಷದ ದಾಂಪತ್ಯದಲ್ಲಿ ಇವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕನೆಯ ವಾರದ ಹೊತ್ತಿಗೆ ಬಾತುಕೋಳಿಗೂ ನಮ್ಮ ಗುರುತು ಸಿಕ್ಕಿತ್ತು, ಕಟ್ಟೆಯ ಹಿರಿಯರಿಗೂ. “ಓಗ್ಬುಟ್ ಬನ್ನಿ, ಓಗ್ಬುಟ್ ಬನ್ನಿ, ಕಟ್ಟೆ ಎಲ್ಲೂ ಓಗಲ್ಲ” ಎಂದು ಕಳಿಸಿಕೊಡುತ್ತಿದ್ದರು.

ದೊಡ್ಮನೆಯಲ್ಲಿ ಈಗ ಇರುವವರು ಪ್ರಸನ್ನ. ದನದ ಡಾಕ್ಟರು. ಕೆಲಸದಿಂದ ನಿವೃತ್ತಿಯಾಗಿ ಹೆಂಡತಿಯೊಡನೆ ಊರಿಗೇ ಬಂದು ನೆಲೆಸಿದ್ದಾರೆ. ನಿವೃತ್ತಿ ಎಂಬುದು ಹೆಸರಿಗೆ. ಯಾರ ಹಸು ಕರು ಹಾಕಲು ಕಷ್ಟಪಟ್ಟರೂ ಇವರ ಸ್ಕೂಟರು ಹೋಗಬೇಕು. ನಗುಮುಖದ ಮನುಷ್ಯ. ನಾನು ಬರೆದುಕೊಂಡಿದ್ದ ದಾರಿಯ ನಕ್ಷೆ ನೋಡಿ ಕುಣಿದಾಡಿಬಿಟ್ಟರು.

“ಈ ದಾರಿ ಕಂಡುಹಿಡಿದಿರಲ್ಲ ಮೇಡಂ! ಇದು ನಮ್ಮ ತಾತನ ವಾಕಿಂಗ್ ದಾರಿ. ಸಂಜೆ ಹೊತ್ತು ಮನೆಯವರೆಲ್ಲ ತೋಟ ಸುತ್ತಿ ನಾಲೆವರೆಗೆ ಹೋಗಿ ಬರ್ತಿದ್ರಂತೆ. ನಮ್ಮಜ್ಜಿ ಹೇಳ್ತಿದ್ರು.”

ನನಗೆ ರೋಮಾಂಚನ. ಜರಿ ಪೇಟದ ತಾತ, ರೇಷ್ಮೆ ಸೀರೆಯ ಅಜ್ಜಿ, ಹಿಂದೆ ಪಾನದಾನಿ ಹಿಡಿದ ಆಳು, ಎಲ್ಲರೂ ಕಣ್ಣ ಮುಂದೆ ಮೆರವಣಿಗೆ ಹೊರಟರು. ಒಂದೇ ಒಂದು ಸಣ್ಣ ಅನುಮಾನ ಇತ್ತು. ದಾರಿ ಅಷ್ಟು ದೊಡ್ಡದಾಗಿ ಬಳಸುವುದು ಯಾಕೆ? ನೆಲ ನೋಡಿದರೆ ಅಂಗೈಯಂತೆ ಸಪಾಟು. ದಾರಿ ಎಲ್ಲಿ ಬಾಗುತ್ತದೋ ಅಲ್ಲೊಂದು ಅಡ್ಡಿ ಇರುತ್ತದೆ, ಗುಡ್ಡವೋ ಹಳ್ಳವೋ ಜೌಗೋ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸುವವಳು ನಾನು. ಇಲ್ಲಿ ಅದ್ಯಾವುದೂ ಇರಲಿಲ್ಲ. ವಾಕಿಂಗ್ ದಾರಿಯಲ್ಲವೇ, ನೇರ ಹೋದರೆ ವ್ಯಾಯಾಮ ಹೇಗಾಗುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಮುಂದಿನದು ನಿಮಗೆ ಗೊತ್ತು. ಊರಿನ ಹೆಸರು ಹಾಕದೆ ಇದೇ ಅಂಕಣದಲ್ಲಿ ಬರೆದೆ. ಬನ್ನಿ, ಭಾನುವಾರ ಬೆಳಿಗ್ಗೆ ಒಟ್ಟಿಗೆ ಒಂದು ಊರು ಸುತ್ತೋಣ ಎಂದು ಕರೆದೆ. ನಾಲ್ಕು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಇಪ್ಪತ್ತಾರು ಜನ ಬರುತ್ತೇವೆ ಅಂದರು. ಮೈಸೂರಿನಿಂದ, ಬನ್ನೂರಿನಿಂದ, ನಮ್ಮ ಬೀದಿಯಿಂದ. ಪ್ರಸನ್ನರ ಹೆಂಡತಿ ಎಲ್ಲರಿಗೂ ಅವರೆಕಾಳು ಉಪ್ಪಿಟ್ಟು ಎಂದು ಘೋಷಿಸಿದರು. ಪ್ರಸನ್ನ ಒಂದು ಮರದ ಬೋರ್ಡು ಮಾಡಿಸಿ ತಂದರು. ಅದರ ಮೇಲಿನ ಸಾಲು ನನ್ನದೇ, ಬರೆದು ಬಹಳ ಬೀಗಿದ್ದೆ: “ವಿಹಾರ ಪಥ. ದೊಡ್ಮನೆಯ ಹಿರಿಯರು ಸಂಜೆಯ ತಂಪಿನಲ್ಲಿ ಹೆಜ್ಜೆ ಹಾಕಿದ ದಾರಿ.”

ಶನಿವಾರ ಮಧ್ಯಾಹ್ನ ಬೋರ್ಡನ್ನು ಕಲ್ಲುಕಂಬದ ಪಕ್ಕದಲ್ಲಿ ನೆಟ್ಟೆವು. ಇವರು ಕಟ್ಟೆಗೆ ಹೋದರು. ನಾನು ಸುಣ್ಣದ ಪುಡಿಯಲ್ಲಿ ಬಾಣದ ಗುರುತು ಹಾಕುತ್ತ ಒಬ್ಬಳೇ ಬಗ್ಗಿದ್ದೆ. ಹಿಂದಿನಿಂದ ಒಂದು ದನಿ ಬಂತು.

“ಏನವ್ವಾ ಅದು, ರಂಗೋಲಿಯಾ?”

ಮಡಿಲ ತುಂಬ ಅವರೆಕಾಯಿ ಕಟ್ಟಿಕೊಂಡ ಒಬ್ಬ ಹೆಂಗಸು. ಎಪ್ಪತ್ತು ದಾಟಿರಬಹುದು. ನೆಟ್ಟಗಿನ ಬೆನ್ನು, ಕಾಲಿಗೆ ರಬ್ಬರ್ ಚಪ್ಪಲಿ. ಹೆಸರು ಚೆನ್ನಾಜಮ್ಮ. ಕಂಬದ ಈಚೆ ಇರುವ ಕೇರಿಯವರು. ಅವರ ಜಗಲಿಯ ಗೋಡೆಯಲ್ಲಿ ಬುದ್ಧನ ಚಿತ್ರ ಇರುವುದನ್ನು ಹೋಗುತ್ತ ಬರುತ್ತ ನೋಡಿದ್ದೆ. ಮಗಳು ಮೈಸೂರಿನಲ್ಲಿ ನರ್ಸು. ಈಕೆಗೆ ಎರಡು ಹಸು, ಅರ್ಧ ಎಕರೆ ಜಮೀನು ಮತ್ತು ಯಾರನ್ನೂ ಮಾತಾಡಿಸುವ ಧೈರ್ಯ.

“ಬೋರ್ಡಲ್ಲಿ ಏನ್ ಬರ್ದಿದ್ದೀಯೆ? ನಂಗ್ ಕಣ್ಣು ಮಂಜು. ವಸಿ ಓದೇಳು.”

ಓದಿದೆ. ಸ್ವಲ್ಪ ರಾಗವಾಗಿಯೇ ಓದಿದೆ ಅನ್ನಿ.

ಚೆನ್ನಾಜಮ್ಮ ಮೊದಲು ನನ್ನ ಮುಖ ನೋಡಿದರು. ಆಮೇಲೆ ನಕ್ಕರು. ಎಂಥ ನಗು! ಮಡಿಲು ಸಡಿಲಾಗಿ ಅವರೆಕಾಯಿ ನೆಲಕ್ಕೆ ಸುರಿಯಿತು. ಅಲ್ಲೇ ಬೋರ್ಡಿನ ಕಂಬ ಹಿಡಿದು ಕುಳಿತು ಕಣ್ಣು ಒರೆಸಿಕೊಂಡರು. ನನಗೂ ನಗು ಬಂತು, ಯಾಕೆಂದು ಗೊತ್ತಿಲ್ಲದೆ.

“ಅಯ್ಯೋ ನಮ್ಮವ್ವ! ದೊಡ್ಮನೆಯೋರು ಈ ದಾರೀಲಿ ಓಗಿದ್ನ ನಾನೊಂದಿನಾನೂ ಕಾಣೆ ಕನವ್ವ. ಅವರ್ಗೇನ್ ಬಂದಿತ್ತು ಸುತ್ತಕೆ? ಬಾಗ್ಲು ಮುಂದ್ಲೇ ದಾರಿ ಇತ್ತಲ್ಲ. ಸುತ್ತಿದ್ದೋರು ನಾವು.”

“ನೀವು ಅಂದ್ರೆ?”

“ನಾವು, ನಮ್ ಕೇರಿಯೋರು. ದೊಡ್ಮನೆ ಮುಂದೆ ನಾವು ಓಗಂಗಿರ್ಲಿಲ್ಲ. ಅಗೋ ನೋಡು, ಇಸ್ಕೂಲು ಅಲ್ಲೇ ಅದೆ. ಈ ಕಂಬದಿಂದ ಅಲ್ಲಿಗೆ ಎಷ್ಟು ದೂರ? ಅಂಗ್ಳ ದಾಟುದ್ರೆ ಇಸ್ಕೂಲು. ನಾನು ಓಗ್ಬೇಕಾದ್ರೆ ಇಲ್ಲಿ ತಿರುಗಿ, ತ್ವಾಟದ ಇಂದ್ಗಡೆ ಬಳ್ಸಿ, ಉಣ್ಸೆ ಮರ ದಾಟಿ, ಕೆರೆ ಏರಿ ಮ್ಯಾಲಿಂದ ಬರ್ಬೇಕು. ಅಷ್ಟೊತ್ಗೆ ಬೆಲ್ಲು ಒಡ್ದಿರದು. ಮೇಷ್ಟ್ರು ಲೇಟು ಅಂತ ಬಾಗ್ಲಲ್ಲೇ ನಿಲ್ಸೋರು. ಮೂರ್ನೆ ಕಿಲಾಸ್ಗೆ ಸಾಕಾಯ್ತು. ಬುಟ್ಬುಟ್ಟೆ.”

ಇದನ್ನೂ ಆಕೆ ನಗುತ್ತಲೇ ಹೇಳಿದರು. ನನ್ನ ನಗು ಮಾತ್ರ ಎಲ್ಲೋ ನಿಂತುಹೋಯಿತು.

ಎದ್ದು ನಿಂತು ಕಂಬದಿಂದ ಶಾಲೆಯ ಗೋಡೆಯವರೆಗೆ ಕಣ್ಣಲ್ಲೇ ಅಳೆದೆ. ಹೆಚ್ಚೆಂದರೆ ಅರವತ್ತು ಹೆಜ್ಜೆ. ಗುಡ್ಡ ಇರಲಿಲ್ಲ, ಹಳ್ಳ ಇರಲಿಲ್ಲ, ಜೌಗಿರಲಿಲ್ಲ. ಅಡ್ಡಿ ಇತ್ತು. ಯಾವ ನಕ್ಷೆಯಲ್ಲೂ ನಾನು ಬಣ್ಣ ಹಚ್ಚಿಸದ ಅಡ್ಡಿ. ಚಳಿಯಲ್ಲಿ, ಬಿಸಿಲಲ್ಲಿ, ಹೊರೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಜನ ಸುತ್ತಿ ಸುತ್ತಿ ಸವೆಸಿದ ದಾರಿಗೆ ನಾನು ವಿಹಾರ ಪಥ ಎಂದು ಹೆಸರಿಟ್ಟಿದ್ದೆ. ಜರಿ ಪೇಟದ ತಾತನನ್ನು ಬೇರೆ ನಡೆಸಿದ್ದೆ! ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇಕೆ.

“ಅಯ್, ನೀನ್ಯಾಕ್ ಅಳ್ತೀಯೆ ಮೇಡಮ್ಮ?” ಚೆನ್ನಾಜಮ್ಮ ಅವರೆಕಾಯಿ ಆಯ್ದುಕೊಳ್ಳುತ್ತ ಗದರಿದರು. “ಆ ದಾರಿ ನಮ್ದೇ ಆಗಿತ್ತು. ದೊಡ್ಡೋರ್ ಕಾಟ ಇರ್ಲಿಲ್ಲ. ಉಣ್ಸೆಕಾಯಿ ಕದ್ದು ತಿಂದದ್ದೇನು, ಪದ ಏಳದ್ದೇನು. ನಮ್ಮೆಜಮಾನ್ರು ನನ್ನ ಮೊದ್ಲು ನೋಡಿದ್ದೇ ಆ ನಾಲೆತವು. ನಾನು ಆಗ ಎಮ್ಮೆ ತೊಳೀತಾ ಇದ್ದೆ. ಅವರು ನೋಡಿದ್ದು ನನ್ನೋ ಎಮ್ಮೇನೋ, ಕೊನೇಗಂಟ ಏಳ್ನೇ ಇಲ್ಲ.”

ಈಗ ಇಬ್ಬರೂ ಸೇರಿಯೇ ನಕ್ಕೆವು.

“ಈಗ ಮುಂದಿನಿಂದಲೇ ಹೋಗಬಹುದಲ್ಲಮ್ಮ?” ಎಂದೆ.

“ಓ, ಓಗ್ಬೋದು. ಯಾರ್ ಬ್ಯಾಡ ಅಂತಾರೆ? ಎಷ್ಟೋ ವರ್ಸ ಆಯ್ತು ಅದೆಲ್ಲ ನಿಂತು. ನನ್ ಮಗ್ಳು ಗಾಡೀಲಿ ಬುರ್ ಅಂತ ಓಯ್ತಳೆ. ನಾನೇ ಓಗಿಲ್ಲ.” ಕಂಬದ ಕಡೆ ನೋಡಿದರು. “ಓಗ್ಬೇಕು ಅಂತ್ಲೇ ಬತ್ತೀನಿ. ಈ ಕಂಬ ಬತ್ತಿದ್ದಂಗೆ ಕಾಲು ತಾನೇ ತಿರುಗ್ಬುಡ್ತದೆ. ಬೋ ಮೊಂಡು ಕಾಲು ಕನವ್ವ ಇವು.”

ಅಷ್ಟು ಹೊತ್ತಿಗೆ ಪ್ರಸನ್ನ ಬಂದರು. ನಾಳೆಗೆ ಎಷ್ಟು ಲೋಟ ಬೇಕು ಎಂದು ಕೇಳಲು ಬಂದವರು ನನ್ನ ಮುಖ ನೋಡಿ ನಿಂತರು. ಹೇಳಿದೆ. ಎಲ್ಲವನ್ನೂ ಹೇಳಿದೆ. ಆ ನಗುಮುಖದಿಂದ ನಗು ಇಳಿದುಹೋದದ್ದನ್ನು ನೋಡುವುದು ಕಷ್ಟವಾಯಿತು. ಅವರು ಸುಳ್ಳು ಹೇಳಿದವರಲ್ಲ. ಮೊಮ್ಮಗನಿಗೆ ಯಾರೋ ಚೆಂದ ಮಾಡಿ ಹೇಳಿದ ಕಥೆಯನ್ನು ನಂಬಿ ಬೆಳೆದವರು. ನಾವೆಲ್ಲ ಮನೆಯಲ್ಲಿ ಇಂಥ ಒಂದೆರಡು ಕಥೆ ಇಟ್ಟುಕೊಂಡೇ ಬದುಕುತ್ತೇವೆ ಅಲ್ಲವೇ? ಯಾರೂ ಕೆದಕುವುದಿಲ್ಲ.

“ಚೆನ್ನಾಜಮ್ಮ, ನನಗೆ ಗೊತ್ತಿರಲಿಲ್ಲ” ಎಂದರು ಪ್ರಸನ್ನ, ಮೆಲ್ಲಗೆ.

“ನಿಮ್ಗೆಂಗ್ ಗೊತ್ತಾದದು ಡಾಕ್ಟ್ರೇ? ನೀವು ಆಗ ಉಟ್ಟೇ ಇರ್ಲಿಲ್ಲ. ನೀವು ಒಳ್ಳೇರು. ನಮ್ ಅಸ ಕರ ಆಕ್ದಾಗ ಮಳೇಲಿ ಬಂದ್ರಿ. ನಮ್ಮನೇಲಿ ಕುಂತು ಟೀ ಕುಡುದ್ರಿ. ನಾನೇ ನಿಮ್ಮನೆಗ್ ಬಂದಿಲ್ಲ.”

“ಯಾಕ್ ಬಂದಿಲ್ಲ?”

“ನೀವ್ ಕರುದಿಲ್ವಲ್ಲ.”

ಚುಚ್ಚುವ ದನಿಯಲ್ಲಿ ಹೇಳಲಿಲ್ಲ. ಅವರೆಕಾಯಿ ಬಲಿತಿಲ್ಲ ಅನ್ನುವಷ್ಟೇ ಸಹಜವಾಗಿ ಹೇಳಿದರು. ಪ್ರಸನ್ನ ತಲೆ ತಗ್ಗಿಸಿದರು. ಆಮೇಲೆ ತಲೆ ಎತ್ತಿ ಕೈ ಜೋಡಿಸಿ, “ನಾಳೆ ಬೆಳಿಗ್ಗೆ ನಮ್ಮನೆಗೆ ತಿಂಡಿಗೆ ಬನ್ನಿ. ನೀವು ಬಂದಮೇಲೇ ಎಲೆ ಹಾಕೋದು” ಎಂದರು.

“ನೋಡವ” ಎಂದಷ್ಟೇ ಹೇಳಿ ಚೆನ್ನಾಜಮ್ಮ ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ಮೇಡಮ್ಮ, ಬೋರ್ಡಲ್ಲಿ ಏನಾರ ಬರ್ಕೊ. ದಾರಿ ಮಾತ್ರ ಮುಚ್ಬ್ಯಾಡಿ. ಚೆಂದಾಗದೆ ದಾರಿ.”

ಅವರು ಹೋದಮೇಲೆ ನಾನೂ ಪ್ರಸನ್ನರೂ ಉಳಿದ ಸುಣ್ಣವನ್ನು ನೀರಲ್ಲಿ ಕಲಸಿ ಬೋರ್ಡಿಗೆ ಬಳಿದೆವು. ನನ್ನ ಅಮೋಘ ಸಾಹಿತ್ಯ ಎರಡು ಕೋಟಿಂಗಿಗೆ ಮಾಯವಾಯಿತು.

ಭಾನುವಾರ. ಮಂಜು ಇನ್ನೂ ಗದ್ದೆಯ ಮೇಲೆ ಕುಳಿತಿತ್ತು. ಇಪ್ಪತ್ತಾರು ಜನ ಹೇಳಿದ್ದರು, ಮೂವತ್ತೊಂದು ಜನ ಬಂದರು. ಒಬ್ಬರು ಹಿಮಾಲಯಕ್ಕೆ ಹೊರಟವರಂತೆ ಎರಡು ಕೋಲು, ಬೆನ್ನಿಗೆ ಚೀಲ, ತಲೆಗೆ ಕಿವಿ ಮುಚ್ಚುವ ಟೋಪಿ. ಬನ್ನೂರಿನ ಒಬ್ಬರು ಐದು ಕಿಲೋಮೀಟರಿನಲ್ಲಿ ಹಸಿವಾದರೆ ಎಂದು ಇಡೀ ಡಬ್ಬಿ ಚಪಾತಿ ತಂದಿದ್ದರು. ಕಟ್ಟೆಯ ಹಿರಿಯರು ಬೀಡಿ ಆರಿಸಿ ಈ ದಂಡನ್ನು ನೋಡಿದರು. “ಇಷ್ಟ್ ಜನಾನೂ ಎಲ್ಲಿಗೂ ಓಗ್ದಿರಕೇ ಬಂದವ್ರಾ?” ಎಂದು ನಮ್ಮ ಮನೆಯವರನ್ನು ಕೇಳಿದರು. ಇವರು ಹೌದೆಂದು ತಲೆ ಆಡಿಸಿದರು.

ಚೆನ್ನಾಜಮ್ಮ ಬಂದಿರಲಿಲ್ಲ.

ಕಲ್ಲುಕಂಬದವರೆಗೆ ನಡೆದೆವು. ನಿರೀಕ್ಷಿಸಿದ ಪ್ರಶ್ನೆ ಮೊದಲಿಗೇ ಬಂತು.

“ಬೋರ್ಡು ಖಾಲಿ ಇದೆಯಲ್ಲ ಮೇಡಂ?”

ಹೇಳಿದೆ. ತರಗತಿಯಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅವತ್ತಿನಷ್ಟು ತಡವರಿಸಿದ್ದು ನೆನಪಿಲ್ಲ. ನಾನು ಏನು ಬರೆದಿದ್ದೆ, ಯಾಕೆ ಅಳಿಸಿದೆ, ಈ ದಾರಿ ಯಾರ ಕಾಲಿನಿಂದ ಆಯಿತು, ಎದುರಿಗೇ ಕಾಣುವ ಶಾಲೆಗೆ ಒಂದು ಮಗು ಎಷ್ಟು ದೂರ ನಡೆಯಬೇಕಿತ್ತು, ಎಲ್ಲವನ್ನೂ ಹೇಳಿದೆ. ಪ್ರಸನ್ನ ಪಕ್ಕದಲ್ಲೇ ನಿಂತಿದ್ದರು. ನಾನು ದೊಡ್ಮನೆ ಎಂದಾಗ ಅವರೇ, “ನಮ್ಮ ಮನೆ” ಎಂದು ಸೇರಿಸಿದರು.

ಎರಡು ಕೋಲಿನವರು ಗಂಟಲು ಸರಿಮಾಡಿಕೊಂಡರು. “ಒಳ್ಳೇ ಭಾನುವಾರ. ಜಾಲಿಯಾಗಿ ನಡೆಯೋಣ ಅಂತ ಬಂದಿದ್ವಿ. ಹಳೇ ನೆಗೆಟಿವ್ ಎಲ್ಲ ಈಗ ಯಾಕೆ ಮೇಡಂ?”

ನನಗಿಂತ ಮೊದಲೇ ಚಪಾತಿ ಡಬ್ಬಿಯವರು ಉತ್ತರ ಕೊಟ್ಟರು. “ಜಾಲಿಯಾಗೇ ನಡೀರಿ ಸಾರ್, ಯಾರು ಬೇಡ ಅಂದ್ರು? ಯಾರು ಮಾಡಿದ ದಾರೀಲಿ ಜಾಲಿ ಮಾಡ್ತಿದ್ದೀವಿ ಅಂತ ಗೊತ್ತಿದ್ರೆ ಕಾಲೇನು ನೋಯುತ್ತಾ?”

ಆಗಲೇ ಕೇರಿಯ ಕಡೆಯಿಂದ ಚೆನ್ನಾಜಮ್ಮ ಬಂದರು. ಹಸಿರು ಅಂಚಿನ ಬಿಳಿ ಸೀರೆ. ಎಣ್ಣೆ ಹಚ್ಚಿ ಬಾಚಿದ ತಲೆ. ಕಾಲಿಗೆ ರಬ್ಬರಿನದಲ್ಲ, ಪಟ್ಟಿ ಇರುವ ಚಪ್ಪಲಿ, ಮಗಳು ತಂದುಕೊಟ್ಟದ್ದಂತೆ. ಮೂವತ್ತೊಂದು ಜನ ತಾವಾಗೇ ಸರಿದು ದಾರಿ ಬಿಟ್ಟರು.

“ಬನ್ನಿ ಅಮ್ಮ, ನೀವೇ ಮುಂದೆ ನಡೀಬೇಕು. ನಿಮ್ಮ ದಾರಿ ಇದು” ಎಂದೆ. ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದ ಮಾತು. ಆಕೆಯನ್ನು ಮುಂದೆ ಬಿಟ್ಟು ನಾವೆಲ್ಲ ಹಿಂದೆ ನಡೆದರೆ ಒಂದು ಮರ್ಯಾದೆ ಮಾಡಿದಂತಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಚೆನ್ನಾಜಮ್ಮ ಎಡಕ್ಕೆ ತಿರುಗುವ ದಾರಿ ನೋಡಿದರು. ನನ್ನ ಸುಣ್ಣದ ಬಾಣ ನೋಡಿದರು. ಆಮೇಲೆ ಅಂಗಳ ನೋಡಿದರು.

“ನಾನ್ಯಾಕವ್ವ ಸುತ್ಲಿ? ಜೀವಮಾನ ಎಲ್ಲ ಸುತ್ತಿವ್ನಿ” ಎಂದರು. “ನೀವು ಸುತ್ಕೊಂಡ್ ಬನ್ನಿ, ಪಸಂದಾಗದೆ. ನಾನು ನೆಟ್ಗೆ ಓಯ್ತೀನಿ.”

ಹೇಳಿದರು, ಆದರೆ ನಿಂತೇ ಇದ್ದರು. ಕಂಬದ ಪಕ್ಕದಲ್ಲಿ, ಒಂದು ಹೆಜ್ಜೆ ಈಚೆ. ಅವರ ಕಾಲ ಬೆರಳುಗಳು ಚಪ್ಪಲಿಯೊಳಗೇ ಹಿಡಿದುಕೊಂಡಂತೆ ಮುದುಡಿದ್ದವು. ಆಕೆ ಬಗ್ಗಿದರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಾರೇನೋ ಎಂದು ನನಗೆ ಗಾಬರಿಯಾಯಿತು. ಇಲ್ಲ. ಸಡಿಲವಾಗಿದ್ದ ಪಟ್ಟಿಯನ್ನು ಬಿಗಿ ಮಾಡಿಕೊಂಡರು.

ಪ್ರಸನ್ನ ಕೈ ಹಿಡಿದು ಕರೆತರಲು ಮುಂದೆ ಬಂದರು. “ನೀವ್ ಓಗಿ ಬಾಗ್ಲಲ್ಲಿ ನಿಂತ್ಕಳಿ ಡಾಕ್ಟ್ರೇ. ಕರುದೋರು ಬಾಗ್ಲಲ್ಲಿರ್ಬೇಕು” ಎಂದರು ಚೆನ್ನಾಜಮ್ಮ. ಹೇಳಿದ ಮಾತು ಕೇಳುವ ಸ್ಕೂಲು ಹುಡುಗನಂತೆ ಡಾಕ್ಟರು ಓಡಿದರು. ಜಗಲಿಯ ಮೇಲೆ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಗಲೇ ಬಂದು ನಿಂತಿದ್ದರು.

“ನಡೀರಿ ನಡೀರಿ, ಏನ್ ನೋಡ್ತಾ ಇದ್ದೀರಿ? ಉಪ್ಪಿಟ್ಟು ಆರೋಯ್ತದೆ” ಎಂದು ಚೆನ್ನಾಜಮ್ಮ ನಮ್ಮನ್ನು ಅಟ್ಟಿದರು. ತಾನು ಅಂಗಳ ದಾಟುವುದನ್ನು ಮೂವತ್ತೊಂದು ಜನ ನೋಡುತ್ತ ನಿಲ್ಲುವುದು ಆಕೆಗೆ ಬೇಕಿರಲಿಲ್ಲ. ಅದು ನನಗೂ ಅರ್ಥವಾಯಿತು. ಎಡಕ್ಕೆ ತಿರುಗಿದೆ, ಎಲ್ಲರೂ ತಿರುಗಿದರು. ಹೀಗಾಗಿ ಆ ಮೊದಲ ಹೆಜ್ಜೆಯನ್ನು ನಾನು ನೋಡಲೇ ಇಲ್ಲ.

ಐದು ಕಿಲೋಮೀಟರ್ ಉದ್ದಕ್ಕೂ ಒಂದೇ ಯೋಚನೆ. ಹೋದರೋ, ಕಾಲು ತಿರುಗಿಬಿಟ್ಟಿತೋ?

ಆದರೂ ಹೇಳುತ್ತೇನೆ, ಆ ನಡಿಗೆಯಂಥ ನಡಿಗೆ ಇನ್ನೊಂದಿಲ್ಲ. ಹುಣಸೆ ಮರದ ಕೆಳಗೆ ಎಲ್ಲರೂ ಮಕ್ಕಳಾದರು. ನಿವೃತ್ತ ಹೆಡ್‌ಮಾಸ್ಟರರೊಬ್ಬರು ಕಲ್ಲು ಬೀರಿ ಮೂರು ಹುಣಸೆಕಾಯಿ ಬೀಳಿಸಿದರು. ನಾಲೆ ಏರಿಯ ಮೇಲೆ ಮಂಜು ಸರಿದು, ಕೊಯ್ಲಿಗೆ ಬಂದ ಭತ್ತ ಕಣ್ಣು ಹಾಯುವಷ್ಟೂ ಹೊನ್ನಿನ ಬಣ್ಣಕ್ಕೆ ತಿರುಗಿತು. ನಾಲೆಯಲ್ಲಿ ಒಬ್ಬಾಕೆ ಎಮ್ಮೆ ತೊಳೆಯುತ್ತಿದ್ದಳು. ನಾನು ಎಮ್ಮೆಯನ್ನೂ ಆಕೆಯನ್ನೂ ಸಮನಾಗಿ ನೋಡಿ ಒಬ್ಬಳೇ ನಕ್ಕೆ. ಬಾತುಕೋಳಿಗಳು ನಮ್ಮನ್ನು ಬಿಟ್ಟು ಎರಡು ಕೋಲಿನವರನ್ನು ಆರಿಸಿಕೊಂಡವು. ಅವರು ಕೋಲು ಬಿಸಾಡಿ ಓಡಿದ ವೇಗ ನೋಡಿದರೆ ಅವರಿಗೆ ಕೋಲಿನ ಅಗತ್ಯವೇ ಇರಲಿಲ್ಲ. ಕೆರೆ ಏರಿಯ ಮೇಲೆ ಏದುಸಿರು ಬಿಡುತ್ತ ನನ್ನ ಪಕ್ಕ ಬಂದು, “ಮೇಡಂ, ಆ ವಯಸ್ಸಲ್ಲಿ ದಿನಾ ಇಷ್ಟು ದೂರ ಅಂದ್ರೆ, ಚಿಕ್ಕ ಮಗು ಅಲ್ವಾ” ಎಂದರು. ಚಪಾತಿ ಡಬ್ಬಿಯವರು ಅವರಿಗೊಂದು ಚಪಾತಿ ಕೊಟ್ಟರು.

ಹೊಂಗೆ ನೆರಳು ಮುಗಿಯಿತು. ಶಾಲೆಯ ಹೆಂಚು ಕಂಡಿತು. ನಾನು ನಡೆಯುವುದನ್ನು ಬಿಟ್ಟು ಓಡಿದೆ. ಸುಳ್ಳಲ್ಲ, ಐವತ್ತೈದು ವರ್ಷದ ಭೂಗೋಳ ಮೇಡಂ, ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಹಿಂದಿನಿಂದ ಇವರು “ಬಾತುಕೋಳಿ ಇಲ್ಲಿಲ್ಲ ಕಣೇ!” ಎಂದು ಕೂಗುತ್ತಿದ್ದರು.

ದೊಡ್ಮನೆಯ ಜಗಲಿಯ ಮೇಲೆ ಬಾಳೆಲೆಯ ಸಾಲು. ಮೊದಲ ಎಲೆಯ ಮುಂದೆ ಕಾಲು ಚಾಚಿ ಕುಳಿತು ಚೆನ್ನಾಜಮ್ಮ ಕಾಫಿ ಕುಡಿಯುತ್ತಿದ್ದರು. ಉಪ್ಪಿಟ್ಟು ಆಗಲೇ ಮುಗಿದಿತ್ತು, ಎರಡನೇ ಸಲ ಬಡಿಸಿದ ಗುರುತು ಎಲೆಯಲ್ಲಿತ್ತು. ಪ್ರಸನ್ನ ಎದುರಿಗೆ ನೆಲದ ಮೇಲೆ ಕುಳಿತು ಯಾವುದೋ ಹಸುವಿನ ವಿಷಯ ಕೇಳುತ್ತಿದ್ದರು. ಅಂಗಳದ ಹಸಿ ಮಣ್ಣಿನಲ್ಲಿ, ಡಾಕ್ಟರು ಓಡಿದ ಗುರುತಿನ ಪಕ್ಕದಲ್ಲೇ, ಕಂಬದಿಂದ ಜಗಲಿಯವರೆಗೆ ಇನ್ನೊಂದು ಜೊತೆ ಚಪ್ಪಲಿಯ ಗುರುತು. ಒಂದು ಕಡೆ, ನಡುವಿನಲ್ಲಿ, ಸ್ವಲ್ಪ ಹೊತ್ತು ನಿಂತಂತೆ ಗುರುತು ಆಳವಾಗಿತ್ತು. ಅಲ್ಲಿಂದ ಮುಂದೆ ಹೆಜ್ಜೆಗಳು ದೊಡ್ಡವಾಗಿದ್ದವು.

ನನಗೆ ಖುಷಿ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕುಳಿತು ಆಕೆಯ ಕೈ ಹಿಡಿದುಕೊಂಡೆ. ಬೆವರಿದ ಕೈ ನನ್ನದು, ಕಾಫಿ ಲೋಟದ ಬಿಸಿ ಅವರದು.

“ಇಷ್ಟೊತ್ತು ಬೇಕಾಯ್ತಾ ಮೇಡಮ್ಮ ನಿಂಗೆ?” ಚೆನ್ನಾಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನೂ ಲೇಟೇ.”

ಫೋನು ತೆಗೆದು ನೋಡಿದೆ. ನನ್ನ ಲೆಕ್ಕದಲ್ಲಿ ಐದು ಕಿಲೋಮೀಟರ್ ಎಂದು ತೋರಿಸುತ್ತಿತ್ತು. ಆಕೆ ನಡೆದದ್ದು ಮೂವತ್ತೋ ನಲವತ್ತೋ ಹೆಜ್ಜೆ. ಈಗ ನೀವೇ ಹೇಳಿ, ಅವತ್ತು ಹೆಚ್ಚು ದೂರ ನಡೆದವರು ಯಾರು?